ದಡ ಸೇರಿದ ಚಪಲ, ಗುಜರಿ ಸೇರಿದ ವಿಕ್ರಾಂತ್

ಕಾರವಾರದ ರವೀಂದ್ರನಾಥ ಟ್ಯಾಗೋರ್ ಕಡಲತೀರದಲ್ಲಿ, ರಾಷ್ಟ್ರೀಯ ಹೆದ್ದಾರಿ 66ಕ್ಕೂ ಅರಬ್ಬೀ ಸಮುದ್ರದ ಅಲೆಗಳಿಗೂ ನಡುವಿನ ಮರಳಿನ ಪಟ್ಟಿಯ ಮೇಲೆ ಬೂದು ಬಣ್ಣದ ಒಂದು ಸಣ್ಣ ಯುದ್ಧನೌಕೆ ನಿಂತಿದೆ. ಅದರ ಹೆಸರು ಐಎನ್‌ಎಸ್ ಚಪಲ. ಸೋವಿಯತ್ ಒಕ್ಕೂಟದಲ್ಲಿ ತಯಾರಾಗಿ 1976ರಲ್ಲಿ ನಮ್ಮ ನೌಕಾಪಡೆಗೆ ಸೇರಿದ ಈ ಕ್ಷಿಪಣಿ ದೋಣಿ 2005ರ ಮೇ ತಿಂಗಳಲ್ಲಿ ನಿವೃತ್ತಿಯಾಗಿ, ಮರುವರ್ಷವೇ ವಸ್ತುಸಂಗ್ರಹಾಲಯವಾಯಿತು. ಸುಮಾರು 39 ಮೀಟರ್ ಉದ್ದದ ಅದರ ಮೈಮೇಲೆ, ಎರಡೂ ಮಗ್ಗುಲಿಗೆ ಎರಡೆರಡರಂತೆ, ಕೊಳವೆಯಾಕಾರದ ನಾಲ್ಕು ಕ್ಷಿಪಣಿ ಗೂಡುಗಳಿವೆ. ಒಳಗೆ ಹೋಗುವವರು ತಲೆ ತಗ್ಗಿಸಬೇಕು, ಜೊತೆಗೆ ಕಾಲನ್ನೂ ಎತ್ತಿ ಇಡಬೇಕು. ಹಡಗಿನ ಬಾಗಿಲುಗಳಿಗೆ ನೀರು ತಡೆಯಲೆಂದು ಮೊಣಕಾಲಿನ ಎತ್ತರದವರೆಗೆ ಹೊಸ್ತಿಲು ಇರುತ್ತದೆ ಎಂಬುದು ಶಾಲೆಯ ಮಕ್ಕಳಿಗೆ ಎಡವಿದ ಮೇಲೆಯೇ ತಿಳಿಯುತ್ತದೆ. ಸಮವಸ್ತ್ರ ತೊಟ್ಟ ಬೊಂಬೆಗಳು ನಾವಿಕರ ದಿನಚರಿಯನ್ನು ತೋರಿಸುತ್ತವೆ. ಇಷ್ಟು ಇಕ್ಕಟ್ಟಿನಲ್ಲಿ ಮನುಷ್ಯರು ಉಂಡು, ಮಲಗಿ, ಯುದ್ಧಕ್ಕೂ ಸಿದ್ಧರಾಗಿರುತ್ತಿದ್ದರು ಎಂಬುದನ್ನು ಯಾವ ಪಠ್ಯಪುಸ್ತಕವೂ ಈ ದೋಣಿಯಷ್ಟು ಸ್ಪಷ್ಟವಾಗಿ ಹೇಳಲಾರದು.

ಇಲ್ಲಿ ಒಂದು ತಪ್ಪು ತಿಳಿವಳಿಕೆಯನ್ನು ಮೊದಲೇ ತಿದ್ದಬೇಕು. ಚಪಲ 1971ರ ಯುದ್ಧದಲ್ಲಿ ಕರಾಚಿಯ ಮೇಲೆ ದಾಳಿ ಮಾಡಿತ್ತೆಂದು ಪ್ರವಾಸಿಗರು ಹೇಳುವುದು, ಅಲ್ಲಲ್ಲಿ ಅಚ್ಚಾಗುವುದು ಉಂಟು. ಯುದ್ಧ ಮುಗಿದು ಐದು ವರ್ಷಗಳ ನಂತರ ಸೇವೆಗೆ ಸೇರಿದ ದೋಣಿ ಅದರಲ್ಲಿ ಭಾಗವಹಿಸಿರಲು ಸಾಧ್ಯವಿಲ್ಲ. 1971ರ ಡಿಸೆಂಬರ್ 4ರ ರಾತ್ರಿ ಕರಾಚಿಯ ಬಳಿ ಕ್ಷಿಪಣಿ ಹಾರಿಸಿ ಖೈಬರ್ ಮತ್ತು ಮುಹಾಫಿಜ್ ನೌಕೆಗಳನ್ನು ಮುಳುಗಿಸಿದ್ದು ಇದೇ ಕುಲದ ಅಕ್ಕಂದಿರಾದ ನಿಪಾತ್, ನಿರ್ಘಾತ್ ಮತ್ತು ವೀರ್. ಆ ದಿನವನ್ನೇ ದೇಶ ಈಗ ನೌಕಾಪಡೆ ದಿನವೆಂದು ಆಚರಿಸುತ್ತದೆ. ಅಂದು ಬಳಸಿದ್ದ ತಂತ್ರವನ್ನು, ಅಂಥದೇ ದೋಣಿಯನ್ನು ಕಣ್ಣಾರೆ ಕಂಡು ಅರಿಯುವ ಅವಕಾಶವನ್ನು ಚಪಲ ಕೊಡುತ್ತದೆ. ಅದರ ಬೆಲೆ ತಿಳಿಯಲು ಅಷ್ಟೇ ಸಾಕು. ಇಲ್ಲದ ಯುದ್ಧವನ್ನು ಅದಕ್ಕೆ ಅಂಟಿಸಬೇಕಾಗಿಲ್ಲ.

ಆದರೆ 1971ರಲ್ಲಿ ನಿಜವಾಗಿ ಕಾದಾಡಿದ, ಆ ಯುದ್ಧದ ಮುಖವೇ ಆಗಿದ್ದ ದೊಡ್ಡ ಹಡಗು ಎಲ್ಲಿದೆ ಎಂದು ಕೇಳಿದರೆ ಉತ್ತರ ಬೇಸರ ತರಿಸುತ್ತದೆ. ಸುಮಾರು 245 ಟನ್ ತೂಕದ ಚಪಲ ಉಳಿದುಕೊಂಡಿತು; ಅದರ ಎಪ್ಪತ್ತೆಂಬತ್ತು ಪಟ್ಟು ತೂಗುತ್ತಿದ್ದ ವಿಕ್ರಾಂತ್ ಚೂರುಚೂರಾಗಿ ಕರಗಿಹೋಯಿತು. ಇದು ಹೇಗಾಯಿತು ಎಂಬುದರ ಹಿಂದೆ ಹಲವು ದಶಕಗಳ ಇತಿಹಾಸವಿದೆ.

ಎರಡನೇ ಮಹಾಯುದ್ಧದ ನಡುವೆ, 1943ರಲ್ಲಿ, ಬ್ರಿಟನ್ನಿನಲ್ಲಿ ಹರ್ಕ್ಯುಲಿಸ್ ಎಂಬ ಹೆಸರಿನ ವಿಮಾನವಾಹಕ ನೌಕೆಯ ಕಟ್ಟೋಣ ಆರಂಭವಾಗಿ, ಯುದ್ಧ ಮುಗಿದ ಮೇಲೆ ಕೆಲಸ ಅರ್ಧಕ್ಕೇ ನಿಂತಿತ್ತು. ಭಾರತ ಅದನ್ನು 1957ರಲ್ಲಿ ಖರೀದಿಸಿ, ಬೆಲ್‌ಫಾಸ್ಟಿನಲ್ಲಿ ಪೂರ್ಣಗೊಳಿಸಿ, 1961ರ ಮಾರ್ಚ್ 4ರಂದು ವಿಕ್ರಾಂತ್ ಎಂಬ ಹೆಸರಿನಲ್ಲಿ ನೌಕಾಪಡೆಗೆ ಸೇರಿಸಿಕೊಂಡಿತು. ಅದೇ ವರ್ಷದ ನವೆಂಬರಿನಲ್ಲಿ ಅದು ಮುಂಬಯಿಗೆ ಬಂದಾಗ ಸ್ವಾಗತಿಸಿದವರು ಪ್ರಧಾನಿ ನೆಹರೂ. ಹತ್ತು ವರ್ಷಗಳ ಬಳಿಕ, ಬಾಯ್ಲರಿನಲ್ಲಿ ಬಿರುಕು ಬಿಟ್ಟು ವೇಗ ಕುಂದಿದ್ದರೂ, ಬಂಗಾಳ ಕೊಲ್ಲಿಯಲ್ಲಿ ನಿಂತು ತನ್ನ ಸೀ ಹಾಕ್ ಮತ್ತು ಅಲಿಜೆ ವಿಮಾನಗಳಿಂದ ಚಿತ್ತಗಾಂಗ್, ಕಾಕ್ಸ್ ಬಜಾರ್‌ಗಳ ಮೇಲೆ ದಾಳಿ ನಡೆಸಿ, ಪೂರ್ವ ಪಾಕಿಸ್ತಾನದ ಸಮುದ್ರದ ಬಾಗಿಲನ್ನು ಮುಚ್ಚುವ ಕೆಲಸದಲ್ಲಿ ಅದು ಮುಖ್ಯ ಪಾತ್ರ ವಹಿಸಿತು. ಬಾಂಗ್ಲಾದೇಶದ ಹುಟ್ಟಿನ ಕಥೆಯಲ್ಲಿ ಅದಕ್ಕೊಂದು ಅಧ್ಯಾಯವಿದೆ.

1997ರ ಜನವರಿ 31ರಂದು ಅದು ನಿವೃತ್ತಿಯಾದಾಗ ಮುಂಬಯಿಯಲ್ಲೇ ಅದನ್ನು ವಸ್ತುಸಂಗ್ರಹಾಲಯವಾಗಿ ಉಳಿಸಬೇಕೆಂಬುದರಲ್ಲಿ ಭಿನ್ನಾಭಿಪ್ರಾಯ ಕಡಿಮೆಯಿತ್ತು. ತೊಡಕು ಬಂದದ್ದು ಹಣದ ವಿಷಯದಲ್ಲಿ. ನಾಲ್ಕು ವರ್ಷ ಏನೂ ಮುಂದುವರಿಯದೆ, 2001ರಲ್ಲಿ ನೌಕಾಪಡೆ ತಾನೇ ಅದನ್ನು ಸಾರ್ವಜನಿಕರಿಗೆ ತೆರೆಯಿತು. ಕಾಯಂ ಆಗಿ ನಡೆಸಿಕೊಂಡು ಹೋಗುವ ಪಾಲುದಾರರನ್ನು ಮಹಾರಾಷ್ಟ್ರ ಸರ್ಕಾರ ಹುಡುಕುತ್ತಲೇ ಇತ್ತು, ಯಾರೂ ಸಿಗಲಿಲ್ಲ. ಹಡಗು ಮಾತ್ರ ಉಪ್ಪುನೀರಿನಲ್ಲೇ ನಿಂತಿತ್ತು. 2012ರಲ್ಲಿ, ಒಳಗೆ ಜನ ಓಡಾಡುವುದು ಸುರಕ್ಷಿತವಲ್ಲವೆಂದು ಸಂಗ್ರಹಾಲಯವನ್ನು ಮುಚ್ಚಲಾಯಿತು. 2013ರ ಡಿಸೆಂಬರಿನಲ್ಲಿ ಹರಾಜಿನ ನಿರ್ಧಾರ ಹೊರಬಿತ್ತು. ಉಳಿಸಿಕೊಡಿ ಎಂದು ಬಾಂಬೆ ಹೈಕೋರ್ಟಿಗೆ ಸಲ್ಲಿಸಿದ್ದ ಸಾರ್ವಜನಿಕ ಹಿತಾಸಕ್ತಿ ಅರ್ಜಿ, ಹಡಗಿನ ಸ್ಥಿತಿ ಹದಗೆಟ್ಟಿದೆ, ಹಣವಾಗಲಿ ಸರ್ಕಾರದ ಬೆಂಬಲವಾಗಲಿ ಇಲ್ಲ ಎಂಬ ಕಾರಣಗಳ ಮೇಲೆ ವಜಾ ಆಯಿತು. ಸುಮಾರು 60 ಕೋಟಿ ರೂಪಾಯಿಗೆ ಹಡಗು ಒಡೆಯುವವರ ಪಾಲಾದ ವಿಕ್ರಾಂತನ್ನು, ಸುಪ್ರೀಂ ಕೋರ್ಟಿನ ಅಂತಿಮ ಅನುಮತಿಯ ಬಳಿಕ, 2014ರ ನವೆಂಬರಿನಲ್ಲಿ ಮುಂಬಯಿಯ ದಾರುಖಾನಾದಲ್ಲಿ ಒಡೆಯಲು ತೊಡಗಿದರು. ಅದರ ಉಕ್ಕಿನ ಸ್ವಲ್ಪ ಭಾಗವನ್ನು ಬಜಾಜ್ ಕಂಪನಿ ಕೊಂಡು ಬೈಕಿನ ಪೆಟ್ರೋಲ್ ಟ್ಯಾಂಕಿಗೆ ಬಳಸಿತು. ಇನ್ನೊಂದಿಷ್ಟರಿಂದ ಮುಂಬಯಿಯ ನೌಕಾ ಡಾಕ್‌ಯಾರ್ಡಿನ ಲಯನ್ ಗೇಟಿನ ಸಮೀಪ ಒಂದು ಸ್ಮಾರಕ ನಿರ್ಮಾಣವಾಗಿ 2016ರ ಜನವರಿಯಲ್ಲಿ ಅನಾವರಣಗೊಂಡಿತು.

ಹೈಕೋರ್ಟ್ ಹೇಳಿದ್ದರಲ್ಲಿ ತಪ್ಪು ಹುಡುಕುವುದು ಕಷ್ಟ. 2014ರ ಹೊತ್ತಿಗೆ ಆ ಹಡಗು ನಿಜವಾಗಿಯೂ ಹದಗೆಟ್ಟಿತ್ತು. ಆದರೆ ಅದು ಹದಗೆಟ್ಟದ್ದು ಹದಿನೇಳು ವರ್ಷ ಯಾರೂ ತೀರ್ಮಾನ ಮಾಡದೆ ನೀರಿನಲ್ಲಿ ನಿಲ್ಲಿಸಿಟ್ಟದ್ದರಿಂದ. ನನ್ನ ಅಭಿಪ್ರಾಯದಲ್ಲಿ ವಿಕ್ರಾಂತಿನ ಹಣೆಬರಹ ಬರೆದಾಗಿದ್ದು ನ್ಯಾಯಾಲಯದಲ್ಲಲ್ಲ, ನಿವೃತ್ತಿಯ ನಂತರದ ಮೊದಲ ನಾಲ್ಕೈದು ವರ್ಷಗಳಲ್ಲಿ.

ಇದಕ್ಕೆ ಕಾರಣ ಉಕ್ಕಿನ ಸ್ವಭಾವದಲ್ಲೇ ಇದೆ. ಕರಾವಳಿಯಲ್ಲಿ ಮನೆ ಕಟ್ಟಿ, ಕಿಟಕಿಯ ಸರಳುಗಳಿಗೆ ಮತ್ತೆ ಮತ್ತೆ ಬಣ್ಣ ಬಳಿಯುವವರಿಗೆ ಇದನ್ನು ವಿವರಿಸಿ ಹೇಳಬೇಕಿಲ್ಲ: ಬಣ್ಣ ಮೊದಲು ಗುಳ್ಳೆ ಏಳುತ್ತದೆ, ಗುಳ್ಳೆ ಒಡೆದರೆ ಒಳಗೆ ಕಂದು ಹುಡಿ, ಹುಡಿಯ ಕೆಳಗೆ ತೆಳುವಾದ ಲೋಹ. ಹಡಗಿನಲ್ಲಿ ಇದು ಎಲ್ಲಕ್ಕಿಂತ ಜೋರಾಗಿ ನಡೆಯುವುದು ನೀರಿನ ಗೆರೆಯ ಆಸುಪಾಸಿನಲ್ಲಿ, ಒಮ್ಮೆ ಒದ್ದೆಯಾಗಿ ಒಮ್ಮೆ ಒಣಗುತ್ತ ಉಪ್ಪು ಮತ್ತು ಗಾಳಿ ಎರಡೂ ಒಟ್ಟಿಗೆ ತಾಗುವ ಪಟ್ಟಿಯಲ್ಲಿ. ನೀರಿನ ಕೆಳಗಿನ ಭಾಗಕ್ಕೆ ಚಿಪ್ಪುಜೀವಿಗಳು ಅಂಟಿ ಬಣ್ಣವನ್ನು ಕೆಡಿಸುತ್ತವೆ. ಉಕ್ಕಿನ ಬದಲು ತಾವೇ ಸವೆದುಹೋಗಲೆಂದು ತಳಕ್ಕೆ ಕೂರಿಸಿದ ಸತುವಿನ ಗಟ್ಟಿಗಳನ್ನು ಕಾಲಕಾಲಕ್ಕೆ ಬದಲಿಸದಿದ್ದರೆ ಸವೆತ ನೇರವಾಗಿ ತಳದ ತಗಡಿಗೇ ತಗಲುತ್ತದೆ.

ಸೇವೆಯಲ್ಲಿರುವ ಹಡಗಿನಲ್ಲಿ ತುಕ್ಕು ಕೆರೆದು ಬಣ್ಣ ಬಳಿಯುವುದು ನಾವಿಕರ ನಿತ್ಯದ ಕೆಲಸ. ಜೊತೆಗೆ ಕೆಲವು ವರ್ಷಗಳಿಗೊಮ್ಮೆ ಹಡಗು ಡ್ರೈಡಾಕಿಗೆ ಹೋಗಿ, ನೀರು ಹೊರಹಾಕಿದ ಆ ಕಟ್ಟೆಯಲ್ಲಿ ಅದರ ತಳ ಪೂರ್ತಿ ದುರಸ್ತಿಯಾಗುತ್ತದೆ. ನಿವೃತ್ತಿಯ ದಿನ ಧ್ವಜ ಇಳಿಸಿದ ಮೇಲೆ ಆ ನೂರಾರು ಕೈಗಳು ಬೇರೆ ಬೇರೆ ಹಡಗುಗಳಿಗೆ ಹಂಚಿಹೋಗುತ್ತವೆ. ಉಪ್ಪುನೀರು ಮಾತ್ರ ಅಲ್ಲೇ ಇರುತ್ತದೆ. ಹಾಗಾಗಿ ನೀರಿನ ಮೇಲಿನ ಸಂಗ್ರಹಾಲಯ ಎಂದರೆ ಟಿಕೆಟ್ ಕೌಂಟರ್, ಮಾರ್ಗದರ್ಶಿ ಮತ್ತು ಗಾಜಿನ ಪೆಟ್ಟಿಗೆಗಳ ಖರ್ಚಷ್ಟೇ ಅಲ್ಲ. ನಿಲ್ಲದ ಪಂಪುಗಳು, ತಪ್ಪದ ಡ್ರೈಡಾಕ್, ಹಳೆಯ ಹಡಗುಗಳ ಗೋಡೆಗೋಡೆಯಲ್ಲಿ ತುಂಬಿರುವ ಆಸ್ಬೆಸ್ಟಾಸನ್ನು ಹುಷಾರಾಗಿ ತೆಗೆಯುವ ಕೆಲಸ, ಇವೆಲ್ಲ ಅದರೊಳಗೆ ಬರುತ್ತವೆ.

ಶ್ರೀಮಂತ ದೇಶಗಳಲ್ಲೂ ಇದು ಸಲೀಸಾಗಿ ನಡೆದಿಲ್ಲ. ಎರಡೂ ಮಹಾಯುದ್ಧಗಳಲ್ಲಿ ಪಾಲ್ಗೊಂಡ ಅಮೆರಿಕದ ಟೆಕ್ಸಾಸ್ ಎಂಬ ಯುದ್ಧನೌಕೆ 1948ರಿಂದ ಸಂಗ್ರಹಾಲಯವಾಗಿ ನೀರಿನಲ್ಲಿ ನಿಂತು, ಎಷ್ಟು ದುರಸ್ತಿ ಮಾಡಿದರೂ ಸೋರುತ್ತಲೇ ಇದ್ದು, ಕೊನೆಗೆ 2022ರಲ್ಲಿ ಅದನ್ನು ಎಳೆದೊಯ್ದು ಡ್ರೈಡಾಕಿಗೆ ಏರಿಸಬೇಕಾಯಿತು. ನ್ಯೂಯಾರ್ಕಿನ ಇಂಟ್ರೆಪಿಡ್ ಎಂಬ ವಿಮಾನವಾಹಕ ನೌಕೆಯನ್ನು 2006ರಲ್ಲಿ ದುರಸ್ತಿಗೆ ಒಯ್ಯಲು ಹೋದಾಗ ಅದು ಹಡ್ಸನ್ ನದಿಯ ಕೆಸರಿನಲ್ಲಿ ಎಷ್ಟು ಹೂತುಹೋಗಿತ್ತೆಂದರೆ, ಎಳೆಯುವ ದೋಣಿಗಳು ಮೊದಲ ಸಲ ಸೋತು ಕೈಬಿಟ್ಟವು. ಕೆಸರು ತೋಡಿಸಿ ತಿಂಗಳ ನಂತರ ಅದನ್ನು ಹೊರತೆಗೆಯಲಾಯಿತು. ಸ್ಯಾನ್ ಡಿಯಾಗೋದ ಮಿಡ್‌ವೇ 2004ರಿಂದ ತೆರೆದಿದ್ದು, ಲಕ್ಷಾಂತರ ಪ್ರವಾಸಿಗರ ಟಿಕೆಟ್ ಹಣ ಮತ್ತು ಸ್ವಯಂಸೇವಕರಾಗಿ ದುಡಿಯುವ ನಿವೃತ್ತ ನಾವಿಕರ ಬಲದಿಂದ ನಿಂತಿದೆ. ಅದು ವಿಕ್ರಾಂತಿಗಿಂತ ಬಹಳ ದೊಡ್ಡ ಹಡಗು ಎಂಬುದನ್ನು ನೆನೆದಾಗ, ಗಾತ್ರವೊಂದೇ ನಮ್ಮ ಸೋಲಿಗೆ ಕಾರಣವಲ್ಲ ಎಂಬುದು ಸ್ಪಷ್ಟವಾಗುತ್ತದೆ.

ಜಪಾನಿನವರು ಬೇರೆಯೇ ದಾರಿ ಹಿಡಿದರು. 1905ರ ತ್ಸುಶಿಮಾ ಕದನದಲ್ಲಿ ರಷ್ಯಾವನ್ನು ಸೋಲಿಸಿದ ಮಿಕಾಸಾ ನೌಕೆಯನ್ನು ಅವರು ಯೊಕೊಸುಕಾದ ದಡದಲ್ಲಿ ನೆಲಕ್ಕೆ ಕೂರಿಸಿ, ತಳಕ್ಕೆ ಕಾಂಕ್ರೀಟ್ ತುಂಬಿ, 1926ರಲ್ಲಿ ಸ್ಮಾರಕವಾಗಿ ತೆರೆದರು. ಎರಡನೇ ಮಹಾಯುದ್ಧದ ನಂತರ ಅದು ಅನಾಥವಾಗಿ ಬಹಳ ಹಾಳಾಯಿತು. ಆದರೂ ಮುಳುಗುವ ಭಯವಿಲ್ಲದೆ ಇದ್ದಲ್ಲೇ ಇದ್ದುದರಿಂದ 1961ರ ಹೊತ್ತಿಗೆ ಅದನ್ನು ಮತ್ತೆ ಸರಿಪಡಿಸಲು ಸಾಧ್ಯವಾಯಿತು. ನೆಲದ ಮೇಲಿನ ಹಡಗು ನಿರ್ಲಕ್ಷ್ಯವನ್ನು ಕೆಲವು ವರ್ಷ ತಾಳಿಕೊಳ್ಳಬಲ್ಲದು, ನೀರಿನ ಮೇಲಿನ ಹಡಗಿಗೆ ಆ ಶಕ್ತಿಯಿಲ್ಲ.

ಭಾರತದಲ್ಲಿ ಈ ಮಾತಿಗೆ ಸಾಕ್ಷಿ ವಿಶಾಖಪಟ್ಟಣದ ಕುರ್ಸುರಾ. 1969ರಲ್ಲಿ ಸೇವೆಗೆ ಸೇರಿದ, 91 ಮೀಟರ್ ಉದ್ದದ ಈ ಜಲಾಂತರ್ಗಾಮಿ 2001ರ ಫೆಬ್ರವರಿಯಲ್ಲಿ ನಿವೃತ್ತಿಯಾಯಿತು. ಅಲ್ಲಿ ಚರ್ಚೆ ಎಳೆದಾಡಲಿಲ್ಲ. ನೌಕಾಪಡೆ, ಆಂಧ್ರ ಸರ್ಕಾರ, ಸ್ಥಳೀಯ ನಗರಾಭಿವೃದ್ಧಿ ಪ್ರಾಧಿಕಾರಗಳು ಕೈಜೋಡಿಸಿ, ಅದನ್ನು ಸಮುದ್ರದಿಂದ ರಾಮಕೃಷ್ಣ ಬೀಚಿಗೆ ಎಳೆದು ತಂದು ಕಾಂಕ್ರೀಟ್ ಅಡಿಪಾಯದ ಮೇಲೆ ಕೂರಿಸಿ, 2002ರ ಆಗಸ್ಟಿನಲ್ಲಿ ಜನರಿಗೆ ತೆರೆದುಬಿಟ್ಟವು. ನಿವೃತ್ತಿಗೂ ಉದ್ಘಾಟನೆಗೂ ನಡುವೆ ಇದ್ದದ್ದು ಹದಿನೆಂಟು ತಿಂಗಳು. ವಿಕ್ರಾಂತಿನ ಹದಿನೇಳು ವರ್ಷಗಳ ಪಕ್ಕದಲ್ಲಿ ಈ ಹದಿನೆಂಟು ತಿಂಗಳನ್ನು ಇಟ್ಟು ನೋಡಬೇಕು. ಇಂದಿಗೂ ಜನ ಸಾಲುಗಟ್ಟಿ ಅದರ ಹೊಟ್ಟೆಯೊಳಗೆ ನಡೆದು, ಟಾರ್ಪಿಡೊ ಕೊಳವೆಗಳನ್ನೂ ಒಂದರ ಮೇಲೊಂದು ಜೋಡಿಸಿದ ಮಂಚಗಳನ್ನೂ ನೋಡಿ ಇನ್ನೊಂದು ತುದಿಯಿಂದ ಹೊರಬರುತ್ತಾರೆ.

ಕುರ್ಸುರಾದಿಂದ ಪಾಠ ಸಿಕ್ಕಿತ್ತು, ವಿಕ್ರಾಂತಿನಿಂದ ಎಚ್ಚರಿಕೆಯೂ ಸಿಕ್ಕಿತ್ತು. ಆದರೂ ಎರಡನೆಯ ವಿಮಾನವಾಹಕ ನೌಕೆಯ ವಿಷಯದಲ್ಲಿ ಅದೇ ಕಥೆ ಮರುಕಳಿಸಿತು. ಬ್ರಿಟನ್ನಿನ ಹರ್ಮಿಸ್ ಆಗಿ 1982ರ ಫಾಕ್ಲೆಂಡ್ ಯುದ್ಧದಲ್ಲಿ ಮುಂಚೂಣಿ ನೌಕೆಯಾಗಿದ್ದು, 1987ರ ಮೇ ತಿಂಗಳಲ್ಲಿ ಭಾರತದ ವಿರಾಟ್ ಆಗಿ ಸೇರ್ಪಡೆಯಾದ ಹಡಗು, 2017ರ ಮಾರ್ಚ್ 6ರಂದು ನಿವೃತ್ತಿಯಾಯಿತು. 2018ರ ನವೆಂಬರಿನಲ್ಲಿ ಮಹಾರಾಷ್ಟ್ರ ಸಚಿವ ಸಂಪುಟ ಅದನ್ನು ಸಿಂಧುದುರ್ಗ ಜಿಲ್ಲೆಯ ನಿವತಿಯ ಬಳಿ ಸಂಗ್ರಹಾಲಯವಾಗಿಸುವ 852 ಕೋಟಿ ರೂಪಾಯಿಯ ಯೋಜನೆಗೆ ಒಪ್ಪಿಗೆಯನ್ನೂ ಕೊಟ್ಟಿತು. ಕಾಗದದ ಮೇಲಿನ ಆ ಯೋಜನೆ ನೀರಿಗೆ ಇಳಿಯಲೇ ಇಲ್ಲ. 38.54 ಕೋಟಿ ರೂಪಾಯಿಗೆ ಗುಜರಿಗೆ ಮಾರಾಟವಾಗಿ, 2020ರ ಸೆಪ್ಟೆಂಬರಿನಲ್ಲಿ ಅದು ಗುಜರಾತಿನ ಅಲಂಗ್ ತೀರವನ್ನು ಸೇರಿತು. ಕೊಂಡು ಗೋವಾದಲ್ಲಿ ಸಂಗ್ರಹಾಲಯ ಮಾಡುತ್ತೇವೆಂದು ಖಾಸಗಿಯವರೊಬ್ಬರು ಮುಂದೆ ಬಂದದ್ದು ಆ ಬಳಿಕ. 2021ರ ಫೆಬ್ರವರಿಯಲ್ಲಿ ಸುಪ್ರೀಂ ಕೋರ್ಟ್ ತಾತ್ಕಾಲಿಕ ತಡೆ ನೀಡಿತು. ಏಪ್ರಿಲಿನಲ್ಲಿ ವಿಚಾರಣೆಗೆ ಬಂದಾಗ ಹಡಗಿನ ಸುಮಾರು ಶೇ 40ರಷ್ಟು ಭಾಗ ಆಗಲೇ ಕಳಚಿಹೋಗಿತ್ತು. ಅರ್ಜಿ ವಜಾ ಆಯಿತು. ಎರಡೂ ಸಲ ಜನರ ಕಳಕಳಿ ನಿಜವಾದದ್ದು; ಎರಡೂ ಸಲ ಅದು ಗ್ಯಾಸ್ ಕಟರಿನ ಬೆಂಕಿ ಹತ್ತುವ ಹೊತ್ತಿಗೆ ತಲುಪಿತು.

ಹಡಗು ಹೋದರೂ ಅದರ ಸಂಗ್ರಹ ಪೂರ್ತಿ ಹೋಗಿಲ್ಲ ಎಂಬುದು ಸಮಾಧಾನದ ಮಾತು. ಗೋವಾದ ದಾಬೋಲಿಮಿನಲ್ಲಿ 1998ರಲ್ಲಿ ತೆರೆದ ನೌಕಾ ವೈಮಾನಿಕ ಸಂಗ್ರಹಾಲಯದ ಅಂಗಳದಲ್ಲಿ ಸೀ ಹಾಕ್, ಅಲಿಜೆ, ಸೀ ಹ್ಯಾರಿಯರ್ ವಿಮಾನಗಳು ಇಂದಿಗೂ ನಿಂತಿವೆ. ವಿಮಾನವಾಹಕ ನೌಕೆಗಳ ಚಿಕ್ಕ ಪಟ್ಟಿಯಿಂದ ಹಾರಿ, ಅದೇ ಚಿಕ್ಕ ಪಟ್ಟಿಗೆ ಇಳಿಯಲೆಂದೇ ರೂಪುಗೊಂಡ ವಿಮಾನಗಳು ಇವು. ಹಡಗಿನೊಳಗೆ ಜಾಗ ಉಳಿಸಲು ರೆಕ್ಕೆ ಮಡಚಿಕೊಳ್ಳುವ ಅಲಿಜೆಯನ್ನು ಹುಲ್ಲಿನ ಮೇಲೆ ನೋಡುವಾಗ, ಆ ಮಡಿಕೆ ಏಕೆಂದು ಪಕ್ಕದಲ್ಲಿ ಯಾರಾದರೂ ಹೇಳದಿದ್ದರೆ ಅರ್ಥವಾಗದು. ವಸ್ತು ಉಳಿದು ಅದರ ಮನೆ ಅಳಿದರೆ ಆಗುವ ನಷ್ಟ ಇದು.

ಈಚಿನ ವರ್ಷಗಳಲ್ಲಿ ಒಲವು ಸಣ್ಣ ಹಡಗುಗಳ ಕಡೆಗೆ ವಾಲಿದೆ. ದಿಯುವಿಗೆ ಐಎನ್‌ಎಸ್ ಖುಕ್ರಿಯನ್ನು ಕೊಡಲಾಯಿತು. ಅದೇ ಹೆಸರಿನ ಹಿಂದಿನ ಹಡಗು 1971ರ ಡಿಸೆಂಬರ್ 9ರಂದು ದಿಯು ಸಮೀಪದ ಸಮುದ್ರದಲ್ಲಿ ಪಾಕಿಸ್ತಾನದ ಜಲಾಂತರ್ಗಾಮಿಯ ಹೊಡೆತಕ್ಕೆ ಮುಳುಗಿ, ಕ್ಯಾಪ್ಟನ್ ಮಹೇಂದ್ರನಾಥ್ ಮುಲ್ಲಾ ಸೇರಿದಂತೆ 18 ಅಧಿಕಾರಿಗಳೂ 176 ನಾವಿಕರೂ ಮಡಿದಿದ್ದರು. ಆ ಹೆಸರನ್ನು ಹೊತ್ತು 1989ರಿಂದ 2021ರವರೆಗೆ ದುಡಿದ ಎರಡನೆಯ ಖುಕ್ರಿ, ಮೊದಲನೆಯದು ಮುಳುಗಿದ ನೀರಿನ ಎದುರಿಗೇ ಸ್ಮಾರಕವಾಗಿ ನಿಂತಿರುವುದಕ್ಕಿಂತ ಯೋಗ್ಯವಾದ ಜಾಗ ಇನ್ನೊಂದಿರಲಾರದು.

ಗುಜರಾತಿನ ಲೋಥಲ್‌ನಲ್ಲಿ ರೂಪುಗೊಳ್ಳುತ್ತಿರುವ ರಾಷ್ಟ್ರೀಯ ಸಾಗರ ಪರಂಪರೆ ಸಂಕೀರ್ಣಕ್ಕೂ ನಿಶಾಂಕ್ ಎಂಬ ನಿವೃತ್ತ ಕ್ಷಿಪಣಿ ನೌಕೆಯನ್ನು ಆಯ್ದುಕೊಳ್ಳಲಾಗಿದೆ. ಲೋಥಲ್ ಎಂದಾಗ ಕನ್ನಡಿಗರಿಗೆ ಎಸ್. ಆರ್. ರಾವ್ ನೆನಪಾಗಬೇಕು. ಸಿಂಧೂ ನಾಗರಿಕತೆಯ ಆ ಪಟ್ಟಣವನ್ನು 1950ರ ದಶಕದಲ್ಲಿ ಅಗೆಸಿ, ಸುಟ್ಟ ಇಟ್ಟಿಗೆಯ, 200 ಮೀಟರಿಗೂ ಉದ್ದದ ಕಟ್ಟೆಯೊಂದನ್ನು ಬೆಳಕಿಗೆ ತಂದು, ಅದು ಹಡಗು ತಂಗುವ ಡಾಕ್ ಎಂದು ವಾದಿಸಿದವರು ಅವರು. ಅದು ನೀರಿನ ಕೆರೆಯಿರಬಹುದೆಂದು ಕೆಲವು ವಿದ್ವಾಂಸರು ಭಿನ್ನವಾಗಿ ಹೇಳಿದ್ದೂ ಇದೆ. ಮುಂದೆ ದ್ವಾರಕೆಯ ಸಮುದ್ರದೊಳಗೆ ಶೋಧ ನಡೆಸಿ, ಈ ದೇಶದಲ್ಲಿ ಕಡಲ ಪುರಾತತ್ವಕ್ಕೆ ಅಡಿಪಾಯ ಹಾಕಿದ ಅವರು 2013ರಲ್ಲಿ ಬೆಂಗಳೂರಿನಲ್ಲಿ ತೀರಿಕೊಂಡರು. ನೀರಿನಡಿಯಿಂದ ಒಂದು ಲಂಗರಿನ ಕಲ್ಲನ್ನು ಎತ್ತಿ ತಂದು ಅದಕ್ಕೆ ಕಾಲ, ಊರು ಗೊತ್ತುಮಾಡಲು ಇಷ್ಟು ಶ್ರಮಪಟ್ಟ ದೇಶ, ಕಣ್ಣೆದುರಿಗೇ ತೇಲುತ್ತಿದ್ದ ಎರಡು ಹಡಗುಗಳನ್ನು ಕಳೆದುಕೊಂಡಿತು ಎಂಬುದು ನನ್ನನ್ನು ಕಾಡುತ್ತದೆ.

ಕಾರವಾರಕ್ಕೆ ಮರಳೋಣ. ಚಪಲದ ಪಕ್ಕದಲ್ಲಿ ಈಗ ಟುಪೊಲೆವ್ 142 ವಿಮಾನವೂ ಇದೆ. ಸಮುದ್ರದ ಮೇಲೆ ಗಂಟೆಗಟ್ಟಲೆ ಹಾರಿ ಜಲಾಂತರ್ಗಾಮಿಗಳನ್ನು ಹುಡುಕುತ್ತಿದ್ದ, 50 ಮೀಟರ್ ರೆಕ್ಕೆಹರವಿನ ಈ ಜಾತಿಯ ವಿಮಾನಗಳು 2017ರ ಮಾರ್ಚಿನಲ್ಲಿ ತಮಿಳುನಾಡಿನ ಅರಕ್ಕೋಣಂ ನೆಲೆಯಿಂದ ನಿವೃತ್ತಿಯಾದ ಮೇಲೆ, ಒಂದನ್ನು ಬಿಡಿಭಾಗಗಳಾಗಿ ಕಳಚಿ ಲಾರಿಗಳಲ್ಲಿ ತಂದು ಇಲ್ಲಿ ಮತ್ತೆ ಜೋಡಿಸಲಾಗಿದೆ. ವರ್ಷಕ್ಕೆ ಸುಮಾರು 3000 ಮಿಲಿಮೀಟರ್ ಮಳೆ ಸುರಿಯುವ, ಬೇಸಿಗೆಯಲ್ಲೂ ಉಪ್ಪುಗಾಳಿ ಬಿಡದ ಈ ಊರಿನಲ್ಲಿ ಎರಡನ್ನೂ ಚೆನ್ನಾಗಿಟ್ಟುಕೊಳ್ಳುವುದು ಸಣ್ಣ ಕೆಲಸವಲ್ಲ. ದಡಕ್ಕೆ ಏರಿಸಿದರೆ ಹಡಗು ಮುಳುಗುವುದಿಲ್ಲ, ನಿಜ. ತುಕ್ಕು ಹಿಡಿಯುವುದು ನಿಲ್ಲುವುದಿಲ್ಲ. ಪ್ರತಿ ಮಳೆಗಾಲದ ಮುನ್ನ ಬಣ್ಣ ಬೀಳಬೇಕು, ನೀರು ನಿಲ್ಲುವ ಮೂಲೆಗಳನ್ನು ಹುಡುಕಿ ಒಣಗಿಸಬೇಕು, ಅದಕ್ಕೆಂದೇ ಮೀಸಲಾದ ಹಣ ಇರಬೇಕು.

ಇದೇ ಕಾರವಾರದ ನೌಕಾನೆಲೆಯಲ್ಲಿ 2025ರ ಫೆಬ್ರವರಿಯಲ್ಲಿ ಇನ್ನೊಂದು ಹಸ್ತಾಂತರ ನಡೆಯಿತು. ಪೋಲೆಂಡಿನಲ್ಲಿ ತಯಾರಾಗಿ, 2024ರ ಜನವರಿಯಲ್ಲಿ ನಿವೃತ್ತಿಯಾದ ಗುಲ್ದಾರ್ ಎಂಬ ಹಡಗನ್ನು ಮಹಾರಾಷ್ಟ್ರದ ಪ್ರವಾಸೋದ್ಯಮ ನಿಗಮಕ್ಕೆ ಒಪ್ಪಿಸಲಾಯಿತು. ಉದ್ದೇಶ, ಅದನ್ನು ನಿವತಿಯ ಬಳಿ ಸಮುದ್ರತಳಕ್ಕೆ ಇಳಿಸಿ, ಮುಳುಗುಗಾರರು ಹೋಗಿ ನೋಡುವ ನೀರಡಿಯ ಸಂಗ್ರಹಾಲಯವನ್ನಾಗಿ, ಮೀನುಗಳಿಗೆ ಕೃತಕ ಬಂಡೆಯನ್ನಾಗಿ ಮಾಡುವುದು. ವಿರಾಟ್ ನಿಲ್ಲಬೇಕಾಗಿದ್ದ ನಿವತಿಯೇ ಇದು. ತುಕ್ಕಿನೊಡನೆ ಹೋರಾಡುವ ಬದಲು ಉಕ್ಕನ್ನು ಸಮುದ್ರಕ್ಕೇ ಒಪ್ಪಿಸಿಬಿಡುವ ಈ ದಾರಿ ಖರ್ಚಿನ ಲೆಕ್ಕದಲ್ಲಿ ಜಾಣತನದ್ದೇ ಇರಬಹುದು. ಆದರೆ ಎಣ್ಣೆ, ಅಪಾಯಕಾರಿ ವಸ್ತುಗಳನ್ನೆಲ್ಲ ಕಿತ್ತು ಬರಿದು ಮಾಡಿದ ಹಡಗಿನಲ್ಲಿ ನಾವಿಕರ ಬದುಕು ಕಾಣಿಸದು, ಮತ್ತು ಅದನ್ನು ನೋಡುವ ಭಾಗ್ಯ ನೀರಿಗಿಳಿಯಬಲ್ಲ ಕೆಲವರಿಗಷ್ಟೇ.

ಆ ಹಸ್ತಾಂತರ ನಡೆದ ನೆಲೆಯೇ ವಿಕ್ರಮಾದಿತ್ಯನ ತವರು. ಬಾಕು ಎಂಬ ಹೆಸರಿನಲ್ಲಿ 1987ರಲ್ಲಿ ಸೋವಿಯತ್ ನೌಕಾಪಡೆಗೆ ಸೇರಿ, 2013ರ ನವೆಂಬರಿನಿಂದ ನಮ್ಮದಾದ, 284 ಮೀಟರ್ ಉದ್ದದ ಆ ವಿಮಾನವಾಹಕ ನೌಕೆ ಇಂದು ಸೇವೆಯಲ್ಲಿದೆ. ಒಂದು ದಿನ ಅದರ ಧ್ವಜವೂ ಇಳಿಯುತ್ತದೆ. ಆಗ ಪ್ರಶ್ನೆ ಮುಂಬಯಿಯದಾಗಿರುವುದಿಲ್ಲ, ಕರ್ನಾಟಕದ ದಡದ್ದಾಗಿರುತ್ತದೆ. ಅಷ್ಟು ದೊಡ್ಡ ಹಡಗನ್ನು ಇಡಿಯಾಗಿ ಉಳಿಸಲಾಗದೆ ಹೋಗಬಹುದು. ಆದರೆ ಅದರ ಮೇಲುಗಟ್ಟಿನ ಒಂದು ಭಾಗ, ಒಂದು ಎಂಜಿನ್ ಕೋಣೆ, ಒಂದು ಅಡುಗೆಮನೆ, ದಿನಚರಿಯ ಪುಸ್ತಕಗಳು ಇವುಗಳಲ್ಲಿ ಯಾವುದನ್ನು ಕಳಚಿ ದಡಕ್ಕೆ ತರಬೇಕು, ಎಲ್ಲಿ ಇಡಬೇಕು ಎಂಬ ಪಟ್ಟಿಯನ್ನು ಈಗಲೇ ಮಾಡಬಹುದು. ಹಡಗಿನ ಮೇಲೆ ಇನ್ನೂ ಜನರಿರುವಾಗಲೇ ಅದನ್ನು ಮಾಡಬೇಕು. ಯಾವ ಕವಾಟ ಯಾವ ಕೊಳವೆಯದು, ಯಾವ ಮಂಚದಲ್ಲಿ ಯಾರು ಮಲಗುತ್ತಿದ್ದರು, ಬಿರುಗಾಳಿಯ ರಾತ್ರಿ ಅನ್ನದ ಪಾತ್ರೆಯನ್ನು ಯಾವ ಕೊಕ್ಕೆಗೆ ಕಟ್ಟುತ್ತಿದ್ದರು ಎಂದು ಬೆರಳು ಮಾಡಿ ತೋರಿಸಬಲ್ಲವರು ಅವರೇ.